ಲಕ್ಷ ಬತ್ತಿಯಲ್ಲಿ ಉಳಿದ ಒಂದು

ಮಾನ್ವಿಯಿಂದ ಶಾಂತವ್ವನ ಸೊಸೆ ಬಂದು ಬತ್ತಿಯ ಚೀಲವನ್ನು ನನ್ನ ಮುಂದೆ ಇಟ್ಟಳು. ಮೇಲೆ ಒಂದೇ ಒಂದು ಬತ್ತಿ ಬೇರೆಯಾಗಿ, ಕಾಗದದಲ್ಲಿ ಸುತ್ತಿಟ್ಟಿತ್ತು.

ನೋಡಿದ ಕೂಡಲೇ ಗೊತ್ತಾಯಿತು. ಅದೇ ಬತ್ತಿ...

ಶಾಂತವ್ವ ನನ್ನ ಮೈದುನನ ಹೆಂಡತಿ. ಒಂದೇ ಮನೆಗೆ ಸೊಸೆಯರಾಗಿ ಬಂದವರು ನಾವು. ಆಮೇಲೆ ಅವಳು ಮಾನ್ವಿಯಲ್ಲಿ ಉಳಿದಳು, ನಾನು ರಾಯಚೂರಿಗೆ ಮಗಳ ಮನೆಗೆ ಬಂದೆ.

ಹೊಳೆ ದಂಡೆಯ ಗೂಗಲ್ ಊರಿನ ಗುಡಿಯಲ್ಲಿ ಲಕ್ಷ ಬತ್ತಿ ಹಚ್ಚುವುದಾಗಿ ಇಬ್ಬರೂ ಹರಕೆ ಹೊತ್ತಿದ್ದೆವು. ಮನೆಯಲ್ಲಿ ಹೊಸೆದದ್ದನ್ನು ತಗೊಂಡು ಅವಳು ವಾರಕ್ಕೊಮ್ಮೆ ಬಸ್ ಹತ್ತಿ ನನ್ನ ಹತ್ತಿರ ಬರುತ್ತಿದ್ದಳು. ಬತ್ತಿ ಎಣಿಸಿದ್ದಕ್ಕಿಂತ ಊರವರನ್ನು ಆಡಿಕೊಂಡದ್ದೇ ಹೆಚ್ಚು.

ನಾನು ಜಾಲಹಳ್ಳಿಯಲ್ಲಿ ನಾಲ್ಕನೇ ಕ್ಲಾಸ್ ಓದಿದವಳು. ಅವಳು ಅದೂ ಇಲ್ಲ. ಹಾಗಾಗಿ ಎಣಿಸುವ ದೊಡ್ಡಸ್ತಿಕೆ ನನ್ನದು, ಕಟ್ಟುವ ಕೆಲಸ ಅವಳದು. ನಮ್ಮ ಅತ್ತೆ ಕಲಿಸಿದಂತೆ ಒಂಬತ್ತು ಬತ್ತಿಗೊಂದು ಕಟ್ಟು.

ಲಕ್ಷ ತುಂಬಿದ ದಿನ ಕೊನೆಯ ಕಟ್ಟು ಕಟ್ಟಿದರೆ, ಒಂದು ಬತ್ತಿ ಉಳಿಯಿತು.

“ಯಾವುದೋ ಕಟ್ಟಿನ್ಯಾಗ ಎಂಟ ಹಾಕೀದಿ. ಕಣ್ಣು ಎಲ್ಲಿಟ್ಟಿದ್ದೀಬೇ?” ಅಂದೆ.

“ಒಂಬತ್ತ ಹಾಕೀನಿ ಅಕ್ಕಾ. ನೀನ ತಪ್ಪು ಎಣಿಸಿರಬೇಕು.”

“ನಾ ಸಾಲಿಗೆ ಹೋದಾಕಿ. ನಿನ್ನಂಗ ಎಮ್ಮಿ ಹಿಂದ ಹೋದಾಕಿ ಅಲ್ಲ!”

ಆಕೆ ಉಳಿದ ಆ ಒಂದು ಬತ್ತಿಯನ್ನು ಕಾಗದದಲ್ಲಿ ಸುತ್ತಿಕೊಂಡಳು. ಚೀಲ ಹೊತ್ತು ಬಸ್ ಸ್ಟ್ಯಾಂಡಿಗೆ ಹೋದಳು.

ಫೋನ್ ಬರಲಿಲ್ಲ. ತಪ್ಪು ಅವಳದು, ಮೊದಲು ಅವಳೇ ಮಾಡಲಿ ಅಂತ ನಾನೂ ಬಿಗಿದುಕೊಂಡು ಕೂತೆ. ಎರಡು ತಿಂಗಳಾದ ಮೇಲೆ ಬಂತು... ಅವಳದಲ್ಲ, ಅವಳ ಮಗನದು. ಹೋಗಿ ಶಾಂತವ್ವನಿಗೆ ಮಣ್ಣು ಹಾಕಿ ಬಂದೆ.

ಚೀಲ ತಂದ ದಿನ ಸೊಸೆ ಅದರ ಪಕ್ಕ ಕೂತು ಹೇಳಿದಳು: “ದೊಡ್ಡತ್ತಿ, ನಮ್ಮತ್ತಿ ಎಲ್ಲಾ ಕಟ್ಟು ಬಿಚ್ಚಿ ಮೂರು ಸಲ ಎಣಿಸಿದ್ರು. ಎಲ್ಲಾದ್ರಾಗೂ ಒಂಬತ್ತ. ಎಂಟಿಂದು ಸಿಕ್ಕಮ್ಯಾಲೆ ಅಕ್ಕಗ ಫೋನ್ ಮಾಡ್ತೀನಿ ಅಂತಿದ್ರು.”

ಯರಗೇರಾದ ಯೂನಿವರ್ಸಿಟಿಯಲ್ಲಿ ಗಣಿತ ಓದುವ ನನ್ನ ಮೊಮ್ಮಗಳು ರೇಖಾ ಅಲ್ಲೇ ಇದ್ದಳು. “ಹುಡುಕಿದ್ರ ಎಲ್ಲಿ ಸಿಗ್ತದ ಅಜ್ಜೀ? ಲಕ್ಷದಾಗ ಒಂಬತ್ತೊಂಬತ್ತು ತಗದ್ರ ಒಂದು ಉಳಿಯೋದ” ಅಂದಳು.

ನನಗೆ ಸಿಟ್ಟು ಬಂತು. ನಿನ್ನೆ ಮೊನ್ನೆ ಹುಟ್ಟಿದವಳು ನನಗೆ ಎಣಿಸುವುದು ಕಲಿಸುತ್ತಾಳೆ!

ಅವಳು ಹತ್ತು ಬತ್ತಿ ಇಟ್ಟು ಒಂಬತ್ತು ತೆಗೆದಳು. ಒಂದು ಉಳಿಯಿತು. ನೂರಕ್ಕೆ ತೊಂಬತ್ತೊಂಬತ್ತು ಹೋಗಿ ಒಂದು. ಸಾವಿರಕ್ಕೂ ಹಾಗೇ.

ಆಮೇಲೆ ಕ್ಯಾಲೆಂಡರಿನ ಹಿಂದೆ ಒಂದು ಬರೆದು, ಅದರ ಮುಂದೆ ನೂರು ಸೊನ್ನೆ ಎಳೆದಳು. ಸಾಲು ಮುಗಿದು ಕೆಳಗಿಳಿಯಿತು.

“ಯಾವ ದೇವರಿಗಬೇ ಇಷ್ಟು ಬತ್ತಿ?” ಅಂದೆ.

“ಭೂಮಿ ಮ್ಯಾಲಿನ ಹತ್ತಿ ಎಲ್ಲಾ ತಂದ್ರೂ ಸಾಲಂಗಿಲ್ಲ. ಆದ್ರ ಒಂಬತ್ತೊಂಬತ್ತು ಕಟ್ಟಿದ್ರ ಇದ್ರಾಗೂ ಒಂದ ಉಳಿತದ. ಒಂಬತ್ತೊಂಬತ್ತು ತಗದ್ರ ಎಷ್ಟು ಉಳಿತದ ಅಂತ ತಿಳೀಬೇಕಂದ್ರ ಅಂಕಿ ಎಲ್ಲಾ ಕೂಡ್ಸಿ ನೋಡು. ಎಷ್ಟು ಸೊನ್ನಿ ಹಚ್ಚಿದ್ರೂ ಕೂಡಿದ್ದು ಒಂದ, ಉಳಿಯೋದೂ ಒಂದ.”

ಬೆರಳಿಟ್ಟು ಒಂದೊಂದೇ ಸೊನ್ನೆ ದಾಟಿದೆ. ಕೊನೆಗೆ ಹೋದರೂ ಕೂಡಿದ್ದು ಒಂದೇ.

ಶಾಂತವ್ವ ಸರಿಯಾಗಿ ಕಟ್ಟಿದ್ದಳು. ನಾನೂ ಸರಿಯಾಗಿ ಎಣಿಸಿದ್ದೆ. ಇಲ್ಲದ ಎಂಟನ್ನು ಹುಡುಕುತ್ತಾ ಒಬ್ಬಳೇ ಕೂತಿದ್ದಳು ಶಾಂತವ್ವ, ಎರಡು ತಿಂಗಳು.

ನಿನ್ನೆ ಕೈ ತಾನಾಗೇ ಅವಳ ನಂಬರ್ ಒತ್ತಿತು. ಸೊಸೆ ಎತ್ತಿ “ಯಾರ್ರೀ?” ಅಂದಳು. ಫೋನ್ ಇಟ್ಟುಬಿಟ್ಟೆ.

ಬರುವ ಸೋಮವಾರ ಬತ್ತಿ ಹಚ್ಚಲು ನಾನೂ ರೇಖಾಳೂ ಗೂಗಲ್ಲಿಗೆ ಹೋಗುತ್ತೇವೆ. ಕಾಗದದಲ್ಲಿ ಸುತ್ತಿದ ಆ ಒಂದು ಬತ್ತಿ ಇನ್ನೂ ನನ್ನ ದಿಂಬಿನ ಕೆಳಗಿದೆ. ಅದನ್ನು ಸೇರಿಸದಿದ್ದರೆ ಲಕ್ಷವಾಗುವುದಿಲ್ಲ.

ಸೇರಿಸಿದರೆ, ನಾವಿಬ್ಬರೂ ಜಗಳವಾಡಿದ್ದರ ಗುರುತು ಅಂತ ನನ್ನ ಹತ್ತಿರ ಏನು ಉಳಿಯುತ್ತದೆ, ನೀವೇ ಹೇಳಿ?