ಚಂದ್ರಿಕೆಯ ಹಿಂದಿನ ಬೊಂಬೆ

ರತ್ನಾ, ಅವತ್ತು ನನ್ನ ಮೈಮೇಲೆ ಅತ್ತೆ ಬಂದಿರಲಿಲ್ಲ. ಕೂದಲು ಬಿಚ್ಚಿಕೊಂಡು ಕುಣಿದವಳೂ ನಾನೇ, ನಿನ್ನನ್ನು ತೋರಿಸಿಕೊಟ್ಟವಳೂ ನಾನೇ. ಎಂಟು ವರ್ಷವಾಯಿತು. ಇದನ್ನು ಈಗ ಬರೆಯುತ್ತಿದ್ದೇನೆ.

ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡದೆ ನಾನು ಟೊಮ್ಯಾಟೊಗೆ ಔಷಧಿ ಹೊಡೆದೆ. ಅದು ಪಕ್ಕದ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿತ್ತು. ಆ ಸೊಪ್ಪು ತಿಂದು, ಇನ್ನೇನು ಗೂಡು ಕಟ್ಟಬೇಕಿದ್ದ ರೇಷ್ಮೆಹುಳುಗಳೆಲ್ಲ ಹಸಿರು ನೀರು ಕಕ್ಕಿ ಸತ್ತವು. ನನ್ನ ಗಂಡನ ಸಿಟ್ಟು, ಅವರ ಕೈ, ಎರಡೂ ನಿನಗೆ ಗೊತ್ತು. ನಾನು ಹೆದರಿದೆ.

ಹಿಂದಿನ ವಾರ ನಾವಿಬ್ಬರೂ ಒಂದೇ ಕಂಬಳಿ ಹೊದ್ದು ಫೋನಿನಲ್ಲಿ ದೆವ್ವದ ಸಿನಿಮಾ ನೋಡಿದ್ದೆವಲ್ಲ — ತೆಲುಗಿಗೆ ಡಬ್ ಆದ ಇಂಗ್ಲಿಷ್ ಸಿನಿಮಾ, ಬಟ್ಟೆ ಬೊಂಬೆಗೆ ಸೂಜಿ ಚುಚ್ಚಿ ಮಾಟ ಮಾಡುವುದು. ಹುಳು ಸತ್ತದ್ದು ಮಾಟದಿಂದ ಎನ್ನಿಸಲು ನಾನೂ ಒಂದು ಬೊಂಬೆ ಹೊಲಿದೆ. ಕೈಗೆ ಸಿಕ್ಕಿದ್ದು ನಿನ್ನ ಹಳೆಯ ರವಿಕೆ. ಸಿಕ್ಕಿದ್ದು ಅಂದೆನಲ್ಲ — ಹುಡುಕಿ ತೆಗೆದದ್ದು. ಮದುವೆಯಾಗಿ ಬಂದು ವರ್ಷವೂ ಆಗದ ಓರಗಿತ್ತಿ, ಕೇಳುವವರಿಲ್ಲ ಎಂದುಕೊಂಡೆ. ಹುಳುಮನೆಯಲ್ಲಿ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳ ಹಿಂದೆ ಇಟ್ಟೆ.

ಬೊಂಬೆ ಸಿಕ್ಕಾಗ ಎಲ್ಲರೂ ಹಿಂದೆ ಸರಿದರು. ನೀನು ಮಾತ್ರ ಬಗ್ಗಿ ನೋಡಿದೆ.

"ಅಕ್ಕಾ, ಇದು ನಾವು ನೋಡಿದ್ ಸಿನಿಮಾ ಬೊಂಬೆ ಇದ್ದಂಗೈತಲ್ಲ? ನಮ್ ಕಡೆ ಮಾಟ ಅಂದ್ರೆ ನಿಂಬೇಹಣ್ಣು ತಾನೇ?"

ನಿನ್ನ ದನಿಯಲ್ಲಿ ಅನುಮಾನ ಇರಲಿಲ್ಲ. ಆದರೆ ಇನ್ನೊಂದು ಮಾತಾಡಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ. ಕೂದಲು ಬಿಚ್ಚಿದೆ. ತೀರಿಕೊಂಡ ಅತ್ತೆ ಸಿಟ್ಟು ಬಂದರೆ ತೆಲುಗಿಗೆ ತಿರುಗುತ್ತಿದ್ದರು. ಅದೇ ದನಿ ತೆಗೆದೆ.

"ಇದಿ ಚಿನ್ನಕೋಡಲಿ ಪನೇ!"

ಚಿಕ್ಕ ಸೊಸೆಯ ಕೆಲಸವೇ ಇದು — ಅಷ್ಟೇ ಸಾಕಾಯಿತು. ನನ್ನ ಗಂಡ ಕೈಮುಗಿದು ನಿಂತರು. ನೀನು ನನ್ನ ಕಾಲು ಹಿಡಿದೆ. "ಅತ್ತಮ್ಮಾ, ನಾನಲ್ಲ, ನಾನಲ್ಲಮ್ಮಾ" ಎಂದೆ. ನೀನೂ ನಂಬಿದ್ದೆ, ರತ್ನಾ. ಆ ಸಂಜೆಯೇ ನಿನ್ನ ಗಂಡ ನಿನ್ನನ್ನು ನಂಗಲಿಯ ತವರಿಗೆ ಬಿಟ್ಟು ಬಂದ, ಮತ್ತೆ ಕರೆಯಲಿಲ್ಲ. ಮಾಟಗಾತಿ ಎಂಬ ಹೆಸರು ಅಲ್ಲಿಗೂ ನಿನ್ನ ಹಿಂದೆಯೇ ಬಂತಂತೆ.

ಅಂದಿನಿಂದ ಪ್ರತಿ ಮಂಗಳವಾರ ಊರವರು ನನ್ನ ಬಳಿ ಅತ್ತೆಯ ಹೇಳಿಕೆ ಕೇಳಲು ಬರುತ್ತಾರೆ. ಕುಣಿಯುತ್ತೇನೆ, ಹೇಳುತ್ತೇನೆ, ಎದ್ದು ಹಸು ಕರೆಯಲು ಹೋಗುತ್ತೇನೆ. ಒಳಗೆ ಏನೂ ಆಗುವುದಿಲ್ಲ.

ಬರುವ ಮಂಗಳವಾರ ಕೂದಲು ಬಿಚ್ಚುವುದಿಲ್ಲ. ಎಲ್ಲರೆದುರು, ನನ್ನ ದನಿಯಲ್ಲಿ, ಬೊಂಬೆ ಇಟ್ಟವಳೆಂದು ನನ್ನ ಹೆಸರು ಹೇಳುತ್ತೇನೆ. ಸತ್ತವಳ ಮಾತನ್ನು ನಂಬಿದ ಜನ ನನ್ನ ಮಾತನ್ನು ನಂಬುತ್ತಾರೋ ಇಲ್ಲವೋ — ತಿಳಿಯದು.