ಏಳು ದಿನ ಸಿ.ಎಲ್.

ಅವರ ಎಡಗಾಲಿನಲ್ಲಿ ಎರಡು ಬೆರಳುಗಳಿರಲಿಲ್ಲ. ಆದರೂ ಹಿರಿಯರು ಯಾರಾದರೂ ಎದುರಾದರೆ ಹಿಮ್ಮಡಿಗಳೆರಡೂ ತಾವಾಗಿಯೇ ಕೂಡಿ ಬೆನ್ನು ನೆಟ್ಟಗಾಗುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಬಸ್ರಾಕ್ಕೆ ಹೋಗಿ ಬಂದವರು. ತಿಳವಳ್ಳಿಗೆಲ್ಲ ಅವರು ಸಿಪಾಯಿ ಕಾಕಾ.

ಮೂವತ್ತರ ದಶಕದಲ್ಲಿ ನಾನು ಆ ಊರಿನ ಶಾಲೆಗೆ ಮಾಸ್ತರನಾಗಿ ಬಂದಾಗ ಅವರ ಮನೆಯ ಮುಂಗೋಣೆಯಲ್ಲಿ ಬಾಡಿಗೆಗಿದ್ದೆ. ಅವರಿಗೂ ನನಗೂ ಒಂದೇ ತಲೆಬಾಗಿಲು. ಕನ್ನಡಿಯಿಲ್ಲದೆ ಗಡ್ಡ ಹೆರೆದುಕೊಳ್ಳುತ್ತಿದ್ದರು. ಕಂಬಳಿಯನ್ನು ಚೌಕಾಕಾರವಾಗಿ ಮಡಚಿಟ್ಟ ಮೇಲೇ ಬಾಯಿಗೆ ಚಹಾ. ಹೆಂಡತಿ ತೀರಿಕೊಂಡಿದ್ದರು, ಇದ್ದವಳು ಒಬ್ಬಳೇ ಮಗಳು.

ಆ ಮಗಳಿಗೆ ಹಂಸಭಾವಿಯಿಂದ ಸಂಬಂಧ ಬಂತು. ಮಾತು ಮುಗಿಸಲು ಕುಳಿತಿದ್ದಾಗ ಗಂಡಿನ ತಂದೆ ಮೆಲ್ಲಗೆ ಕೇಳಿದರು: "ಪಲಟಣಿನ್ಯಾಗ ನೀವು ಜೇಲಿಗೆ ಹೋಗಿದ್ರಂತ ಕೇಳೇವಿ. ಖರೇ ಏನ್ರಿ?"

"ಜೇಲಲ್ರಿ," ಎಂದರು ಕಾಕಾ. "ಇಕಿ ಹುಟ್ಟಿದ ಸುದ್ದಿ ಬಂದಿತ್ತು. ಮನಿಗೆ ಕಾಗದ ಬರೆಸಾಕ ಪ್ಯಾಟಿಗೆ ಹೋದಾಂವ ಅರ್ಧ ದಿನ ತಡಾ ಮಾಡಿ ಬಂದೆ. ಏಳು ದಿನ ಲೈನ್ ಬಿಟ್ಟು ಹೊರಗ ಹೋಗಬ್ಯಾಡ ಅಂದ್ರು. ಅಷ್ಟ."

ಲೈನ್ ಎಂದರೆ ಸಿಪಾಯಿಗಳು ಇರುವ ಸಾಲುಮನೆ. ಮಾತು ನಂಬುವರೋ ಇಲ್ಲವೋ ಎಂದು ಕಾಕಾ ಪೆಟ್ಟಿಗೆಯಿಂದ ತಮ್ಮ ನೌಕರಿಯ ಪುಸ್ತಕ ತೆಗೆದು ನನ್ನ ಕೈಗಿಟ್ಟರು. "ಓದ್ರಿ ಮಾಸ್ತರ್ರ. ಎಲ್ಲಾ ಅದರಾಗ ಐತಿ."

ಪುಸ್ತಕ ಇಂಗ್ಲಿಷಿನಲ್ಲಿತ್ತು. ಶಿಕ್ಷೆಯ ಕಡೆ ಇದ್ದದ್ದು 'ಏಳು ದಿನ ಸಿ.ಎಲ್.' ಎಂದಷ್ಟೇ. ಸಿ.ಎಲ್. ಎಂದರೆ ಏನೆಂದು ನನಗೆ ತಿಳಿಯದು. ಹತ್ತು ಜನ ನನ್ನ ಬಾಯನ್ನೇ ನೋಡುತ್ತಿದ್ದರು. ಊರಲ್ಲಿ ಇಂಗ್ಲಿಷ್ ಬಲ್ಲವನೆಂದು ಮೆರೆಯುತ್ತಿದ್ದ ಪ್ರಾಯ. "ಕ್ರಿಮಿನಲ್ ಲಾಕಪ್" ಎಂದುಬಿಟ್ಟೆ.

ಬಂದವರು ಎಲೆ ಅಡಿಕೆ ಮುಟ್ಟದೆ ಎದ್ದರು.

ಮರುದಿನ ಬೆಳಿಗ್ಗೆ ಕಾಕಾ ಬಾಗಿಲಲ್ಲಿ ನಿಂತು ಕೇಳಿದರು: "ಆ ಅಕ್ಷರದ ಅರ್ಥ ಅದ ಅಂತ ನಿಮಗ ಖಾತ್ರಿ ಐತೇನ್ರಿ?"

"ಐತ್ರಿ," ಎಂದೆ. ಹಿಂದಿನ ದಿನದ ಮಾತಿಗಿಂತ ದೊಡ್ಡ ತಪ್ಪು ಇದು.

ಅವರು ಮತ್ತೆ ಕೇಳಲಿಲ್ಲ. ಊರವರು ಕೂಡುವ ಕಟ್ಟೆಗೆ ಹೋಗುವುದನ್ನು ಬಿಟ್ಟರು. ಮಗಳು ಮಂದಿ ಏಳುವ ಮೊದಲೇ ನೀರು ತಂದು ಒಳಗೆ ಸೇರುತ್ತಿದ್ದಳು. ಸಿಪಾಯಿ ಜೇಲು ಕಂಡವನೆಂಬ ಮಾತು ಊರೆಲ್ಲ ಹಬ್ಬಿತು, ಅದೂ ಮಾಸ್ತರ ಓದಿದ್ದೆಂಬ ಮುದ್ರೆಯೊಂದಿಗೆ. ತಮ್ಮ ಬಾಳಿನಲ್ಲಿ ನಡೆದದ್ದನ್ನೇ ಅವರು ಹೇಳಿದರೂ ಕೇಳುವವರಿಲ್ಲ. ಆ ಒಂದೇ ಬಾಗಿಲಲ್ಲಿ ದಿನಕ್ಕೆ ನಾಲ್ಕು ಸಲ ಅವರೆದುರು ಹಾಯಬೇಕು. ತಿಳಿಯದೆ ಓದಿದೆನೆಂದು ಹೇಳಲೂ ಬಾರದು, ಮನೆ ಬಿಡಲೂ ಬಾರದು.

ಒಂದು ತಿಂಗಳು ಕಳೆದ ಮೇಲೆ ಸವಣೂರಿಗೆ ಹೋಗಿ, ಪಲಟಣಿನಿಂದ ನಿವೃತ್ತರಾದ ಒಬ್ಬ ಜಮಾದಾರರನ್ನು ಹುಡುಕಿದೆ. ಅಕ್ಷರ ಕೇಳುತ್ತಲೇ ಅವರು ನಕ್ಕರು. "ಕನ್‌ಫೈನ್ಡ್ ಟು ಲೈನ್ಸ್. ಲೈನ್ ಬಿಟ್ಟು ಹೋಗಬ್ಯಾಡ ಅಂತ. ನನ್ನ ಬುಕ್ಕಿನ್ಯಾಗ ನಾಕು ಸಲ ಐತ್ರಿ."

ಸಂಜೆ ಬಂದು ಕಾಕಾನ ಕಾಲು ಹಿಡಿದೆ.

"ನಾಕು ಮಂದ್ಯಾಗ ಅಂದೀರಿ. ನಾಕು ಮಂದ್ಯಾಗ ತಿದ್ದರಿ," ಎಂದರು.

ಮರುದಿನ ಕಟ್ಟೆಯ ಮೇಲೆ ನಿಂತು ತಪ್ಪೊಪ್ಪಿಕೊಂಡೆ. ಕೆಲವರು ನಕ್ಕರು. ಅಲ್ಲಿಂದ ನಾವಿಬ್ಬರೂ ಹಂಸಭಾವಿಗೆ ಹೋದೆವು. ಗಂಡಿನ ತಂದೆ ಎಲ್ಲ ಕೇಳಿ, "ಬ್ಯಾರೆ ಕಡೆ ಮಾತು ಕೊಟ್ಟೇವ್ರಿ," ಎಂದರು. ಆ ಮನುಷ್ಯರಿಗೂ ಕಾಕಾ ಹಿಮ್ಮಡಿ ಕೂಡಿಸಿ ನಮಸ್ಕರಿಸಿದರು. ಹಿಂದಿರುಗುವಾಗ ದಾರಿಯಲ್ಲಿ ಆಡಿದ್ದು ಒಂದೇ ಮಾತು: "ಗೊತ್ತಿಲ್ಲ ಅಂದಿದ್ರ ನಿಮ್ಮದೇನು ಹೋಗತಿತ್ತು, ಮಾಸ್ತರ್ರ?"

ಎರಡು ವರ್ಷದ ಮೇಲೆ ಮಗಳ ಮದುವೆ ಮಾಸೂರಿನವರೊಡನೆ ಆಯಿತು. ನಲವತ್ತರ ದಶಕದಲ್ಲಿ ಕಾಕಾ ತೀರಿಕೊಂಡಾಗ ನಾನು ಶಿಗ್ಗಾಂವಿಯಲ್ಲಿದ್ದೆ. ಸುದ್ದಿ ತಿಳಿದದ್ದು ಹತ್ತು ದಿನ ತಡವಾಗಿ. ಆಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ತಾಯಂದಿರು ಮಕ್ಕಳ ಪಲಟಣಿನಿಂದ ಬಂದ ಕಾಗದ ಹಿಡಿದು ನನ್ನ ಬಳಿ ಬರುತ್ತಿದ್ದರು. ತಿಳಿಯದ ಅಕ್ಷರ ಬಂದಲ್ಲಿ ನಿಂತು, "ಇದು ನನಗ ಗೊತ್ತಿಲ್ರವ್ವಾ, ಕೇಳಿ ಹೇಳ್ತೇನಿ" ಎನ್ನುತ್ತಿದ್ದೆ. ಒಂದು ಸಲವೂ ಆ ಮಾತು ಸಲೀಸಾಗಿ ಬಾಯಿಂದ ಹೊರಟಿಲ್ಲ.