ಒಂದು ಮೊಳಕ್ಕೆ ಮೂರು ಅರ್ಧ

ಅಮ್ಮ ತೀರಿಕೊಂಡ ಹದಿನೈದನೇ ದಿನ ನಾನು ಶಾಲೆಗೆ ಹೋದೆ. ಬಸವನಗುಡಿಯ ಒಂದು ಹಳೆಯ ಕನ್ನಡ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಗಣಿತ ಹೇಳಿಕೊಡುವುದು ನನ್ನ ಕೆಲಸ. ಇನ್ನೂ ನಾಲ್ಕು ದಿನ ರಜ ಹಾಕಬಹುದಿತ್ತು. ಆದರೆ ಮನೆಗೆ ಬಂದವರೆಲ್ಲ ನನ್ನ ಮುಖವನ್ನೇ ನೋಡುತ್ತ, "ಒಂದ್ಸಲ ಅತ್ತುಬಿಡಮ್ಮ, ಹಗುರ ಆಗತ್ತೆ" ಎನ್ನುತ್ತಿದ್ದರು. ಅಳು ಏನು ನಲ್ಲಿಯ ನೀರೇ, ತಿರುಗಿಸಿದ ಕೂಡಲೇ ಬರುವುದಕ್ಕೆ? ನನಗೆ ಅಳು ಬರಲಿಲ್ಲ. ದುಃಖವೂ ಬರಲಿಲ್ಲ. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತರೆ ಕಾಲು ಜೋಮು ಹಿಡಿಯುತ್ತದಲ್ಲ, ಮೈಯೆಲ್ಲ ಹಾಗೆ ಆಗಿತ್ತು.

ಆ ವಾರದ ಪಾಠ ಭಿನ್ನರಾಶಿ. ಅರ್ಧ, ಕಾಲು, ಮುಕ್ಕಾಲು. ಇಪ್ಪತ್ತಾರು ವರ್ಷದಿಂದ ಹೇಳಿಕೊಡುತ್ತಿರುವ ಪಾಠ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಬೇರೆ ವರ್ಷಗಳಲ್ಲಿ ಡಬ್ಬಿಯಲ್ಲಿ ಚಪಾತಿ ತಂದು, ಬೇಕೆಂದೇ ಸೊಟ್ಟಗೆ ಹರಿದು, ದೊಡ್ಡ ತುಂಡು ಯಾರಿಗೆ ಅಂತ ಮಕ್ಕಳಿಗೆ ಜಗಳ ಹಚ್ಚುತ್ತಿದ್ದೆ. ಎರಡೂ ಒಂದೇ ಸಮ ಇಲ್ಲದಿದ್ದರೆ ಅದು ಅರ್ಧವೇ ಅಲ್ಲ ಅನ್ನುವುದನ್ನು ಅವರೇ ಕೂಗಿ ಹೇಳುತ್ತಿದ್ದರು. ಈ ಸಲ ಏನೂ ಮಾಡಲಿಲ್ಲ. ಬೋರ್ಡಿನ ಮೇಲೆ ವೃತ್ತ ಬರೆದೆ, ನಡುವೆ ಗೆರೆ ಎಳೆದೆ, ಬರೆದುಕೊಳ್ಳಿ ಎಂದೆ. ಬರೆದುಕೊಂಡರು.

ಗುರುವಾರ ಕಿರುಪರೀಕ್ಷೆ. ಅದರಲ್ಲಿ ತೀರಾ ಹಿಂದೆ ಬಿದ್ದವರ ಪಟ್ಟಿ ಮಾಡಿ ಹೆಡ್ ಮಿಸ್ಸಿಗೆ ಕೊಡಬೇಕು. ಪಟ್ಟಿಯಲ್ಲಿ ಇರುವವರು ಗಣಿತದ ಪೀರಿಯಡ್ಡಿನಲ್ಲಿ ಕೆಳಗಡೆ ಎರಡನೇ ತರಗತಿಯ ಮಕ್ಕಳ ಜೊತೆ ಕೂರಬೇಕು, ಆ ಟರ್ಮ್ ಮುಗಿಯುವವರೆಗೆ. ಒಂಬತ್ತು ವರ್ಷದ ಮಗುವಿಗೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಹಾಗಾಗಿ ಪ್ರಶ್ನೆಗಳನ್ನು ನಾನು ಯಾವಾಗಲೂ ಯೋಚನೆ ಮಾಡಿ ಬರೆಯುತ್ತೇನೆ. ಅವತ್ತು ಗಾಂಧಿ ಬಜಾರಿನ ಹೂವಿನ ಸಾಲು ದಾಟಿಕೊಂಡು ಬರುವಾಗ ಕಣ್ಣಿಗೆ ಬಿದ್ದದ್ದನ್ನೇ ಐದು ಪ್ರಶ್ನೆಗೂ ಹಾಕಿದೆ. ಒಂದು ಮೊಳ ಹೂವಿನಲ್ಲಿ ಎಷ್ಟು ಅರ್ಧ ಮೊಳ, ಎಷ್ಟು ಕಾಲು ಮೊಳ, ಹೀಗೆ.

ಒಬ್ಬ ಹುಡುಗಿಯ ಐದೂ ಉತ್ತರ ತಪ್ಪಾಗಿತ್ತು. ಅವಳ ತಾಯಿ ಅದೇ ಬಜಾರಿನಲ್ಲಿ ಹೂವು ಮಾರುವವರು, ನನಗೆ ಗೊತ್ತಿತ್ತು. ಎಬ್ಬಿಸಿ ನಿಲ್ಲಿಸಿ ಕೇಳಿದೆ.

"ಒಂದು ಮೊಳದಲ್ಲಿ ಎಷ್ಟು ಅರ್ಧ?"

"ಮೂರು ಮಿಸ್."

"ಮೂರಾ?"

"ಹೂಂ ಮಿಸ್. ಮೂರು."

ಮಕ್ಕಳು ನಕ್ಕರು. ಬೇರೆ ದಿನವಾಗಿದ್ದರೆ, "ಯಾವ ಅಂಗಡಿಲಮ್ಮ ಅದು, ನಾನೂ ಅಲ್ಲೇ ತಗೋತೀನಿ" ಎಂದು ಕೆಣಕಿ ಬಾಯಿ ಬಿಡಿಸುತ್ತಿದ್ದೆ. ಅವತ್ತು ಸೊನ್ನೆ ಹಾಕಿ ಮುಂದಿನ ಹಾಳೆ ತೆಗೆದುಕೊಂಡೆ. ಸಂಜೆ ಪಟ್ಟಿಯಲ್ಲಿ ಅವಳ ಹೆಸರು ಬರೆದು ಕೊಟ್ಟೆ.

ಮಾರನೆಯ ದಿನ ಶುಕ್ರವಾರ. ಅಮ್ಮನ ಫೋಟೋಗೆ ಹೂವು ಬೇಕಿತ್ತು. ಶಾಲೆ ಬಿಟ್ಟು ತ್ಯಾಗರಾಜನಗರದ ಮನೆಗೆ ಹೋಗುವ ಮುಂಚೆ ಬಜಾರಿಗೆ ಹೋದೆ. ಬುಟ್ಟಿಯ ಹಿಂದೆ ಆ ಹುಡುಗಿ ಒಬ್ಬಳೇ ಕೂತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. ತಾಯಿ ಟೀ ತರಲು ಹೋಗಿದ್ದರಂತೆ.

"ಒಂದು ಮೊಳ ಕೊಡು" ಎಂದೆ.

ಅವಳು ಮಲ್ಲಿಗೆ ಮಾಲೆಯನ್ನು ತನ್ನ ಮೊಣಕೈಯಿಂದ ಬೆರಳ ತುದಿಯವರೆಗೆ ಒಮ್ಮೆ ಅಳೆದಳು. ಅಲ್ಲಿಂದ ಮತ್ತೆ ಅರ್ಧ ಅಳೆದು ಕತ್ತರಿಸಿದಳು.

"ಜಾಸ್ತಿ ಕೊಡ್ತಿದೀಯಲ್ಲೇ."

"ಇಲ್ಲ ಮಿಸ್, ಒಂದೇ ಮೊಳ. ನನ್ನ ಕೈ ಚಿಕ್ಕದಲ್ವಾ, ಜನ ಬೈತಾರೆ. ನಿನ್ನ ಕೈಲಿ ಒಂದೂವರೆ ಅಳೆದು ಕೊಡು, ಸರಿಹೋಗತ್ತೆ ಅಂತ ನಮ್ಮಮ್ಮ ಹೇಳಿದಾಳೆ."

ಮನೆಗೆ ಬಂದು, ಹೂವನ್ನು ಹಾಗೇ ಮೇಜಿನ ಮೇಲಿಟ್ಟು, ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿದೆ. ಒಂದು ಮೊಳದಲ್ಲಿ ಎಷ್ಟು ಅರ್ಧ: ಮೂರು. ಎಷ್ಟು ಕಾಲು: ಆರು. ಎರಡು ಮೊಳದಲ್ಲಿ ಎಷ್ಟು ಅರ್ಧ: ಆರು. ಅರ್ಧ ಮೊಳದಲ್ಲಿ ಎಷ್ಟು ಕಾಲು: ಮೂರು. ಒಂದು ಮೊಳದಲ್ಲಿ ಅರ್ಧ ಕತ್ತರಿಸಿದರೆ ಉಳಿಯುವುದೆಷ್ಟು: ಒಂದು. ಗಿರಾಕಿಯ ಮೊಳವನ್ನು ತನ್ನ ಕೈಯಿಂದ ಅಳೆದಿದ್ದಳು. ಐದೂ ಸರಿ. ಅರ್ಧ ಅಂದಾಗ ಯಾವುದರ ಅರ್ಧ ಎಂದು ಮೊದಲು ಕೇಳಬೇಕು, ಇಡೀ ಪಾಠ ಇರುವುದೇ ಅಷ್ಟು. ಅದನ್ನು ಇಪ್ಪತ್ತಾರು ವರ್ಷ ಮಕ್ಕಳಿಗೆ ಹೇಳಿದವಳು ಒಂದು ಮಗುವನ್ನು ಆ ಒಂದು ಪ್ರಶ್ನೆ ಕೇಳಲಿಲ್ಲ. ಅಮ್ಮ ಹೋದ ಮೇಲೆ ನನಗೆ ಮೊದಲ ಸಲ ಏನೋ ತಟ್ಟಿತು. ಅದು ದುಃಖವಲ್ಲ, ನಾಚಿಕೆ.

ಶನಿವಾರ ಬೆಳಿಗ್ಗೆ ಹೆಡ್ ಮಿಸ್ ಬರುವ ಮುಂಚೆಯೇ ಅವರ ಕೋಣೆಯ ಮುಂದೆ ನಿಂತಿದ್ದೆ. ಪಟ್ಟಿಯಿಂದ ಅವಳ ಹೆಸರು ತೆಗೆಯಬೇಕು ಎಂದು ಕೇಳಿದೆ.

"ಪಟ್ಟಿ ನಿನ್ನೆನೇ ಆನ್‌ಲೈನ್‌ನಲ್ಲಿ ಹಾಕಿಬಿಟ್ವಲ್ಲ" ಎಂದರು. "ಒಂದ್ಸಲ ಹೋದ್ಮೇಲೆ ತೆಗೆಯೋಕೆ ಬರಲ್ಲ."

"ತಪ್ಪು ನಂದು ಮೇಡಂ, ಮಗೂದಲ್ಲ."

"ಗೊತ್ತಾಯ್ತು. ಈ ಟರ್ಮ್ ಅಲ್ಲೇ ಇರ್ಲಿ ಬಿಡಿ. ಮುಂದಿನ ಸಲ ಹೆಸರು ಬರದ ಹಾಗೆ ನೋಡ್ಕೊಳ್ಳಿ. ನೀವಾದ್ರೂ ಏನು ಮಾಡ್ತೀರಿ, ಮನೇಲಿ ಇಷ್ಟೆಲ್ಲ ಆಗಿರುವಾಗ."

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ನನಗೆ ಕೋಪ ಕೂಡ ಬಂದಿರಲಿಲ್ಲ. ಕೋಪ ಬಂದಿದ್ದರೆ ಅವಳನ್ನು ಗದರಿಸಿ, ಯಾಕೆ ಮೂರು, ಹೇಗೆ ಮೂರು ಎಂದು ಜಗಳಕ್ಕಾದರೂ ನಿಲ್ಲುತ್ತಿದ್ದೆ.

ಸೋಮವಾರ ಗಣಿತದ ಪೀರಿಯಡ್ಡಿನಲ್ಲಿ ಮೇಲಿನವರಿಗೆ ಲೆಕ್ಕ ಕೊಟ್ಟು ಕೆಳಗೆ ಹೋದೆ. ಎರಡನೇ ತರಗತಿಯ ಬೆಂಚು ತಗ್ಗು. ಅವಳ ಮಂಡಿ ಡೆಸ್ಕಿಗೆ ತಾಗುತ್ತಿತ್ತು. ಒಂದರಿಂದ ನೂರರವರೆಗೆ ಬರೆಯುತ್ತಿದ್ದಳು. ಆ ತರಗತಿಯ ಮಿಸ್ಸಿಗೆ ಹೇಳಿ ವರಾಂಡಕ್ಕೆ ಕರೆದುಕೊಂಡು ಬಂದೆ.

"ನಿನ್ನ ಐದೂ ಉತ್ತರ ಸರಿಯಾಗಿತ್ತು. ನಾನೇ ತಪ್ಪು ಹಾಕಿದೆ" ಎಂದೆ.

ಅವಳು ತಲೆ ಆಡಿಸಿದಳು. ಅವಳಿಗೆ ಅದು ಹೊಸ ವಿಷಯವಾಗಿರಲಿಲ್ಲ.

"ನಿನ್ನ ಕೈ ಅಳತೆ ಅಂತ ಅವತ್ತೇ ಯಾಕಮ್ಮ ಹೇಳಲಿಲ್ಲ?"

"ಹೇಳೋಣ ಅಂತ ನಿಂತೇ ಇದ್ದೆ ಮಿಸ್. ನೀವು ನೋಡ್ಲೇ ಇಲ್ಲ." ಅವಳೇ ಮುಂದುವರಿಸಿದಳು: "ರಜ ಮುಗಿಸ್ಕೊಂಡು ಬಂದಾಗಿಂದ ನೀವು ನಮ್ಮನ್ನ ಯಾರನ್ನೂ ನೋಡ್ತಾನೇ ಇಲ್ಲ."

ದೂರಿನ ದನಿಯಲ್ಲಿ ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಅಷ್ಟೇ.

"ಹೋಗ್ಲಾ ಮಿಸ್?" ಎಂದಳು. "ನಲವತ್ತೊಂದರ ತನಕ ಆಗಿದೆ."

ಹೋಗು ಎಂದೆ. ಅವಳು ಒಳಗೆ ಹೋಗಿ, ಮಂಡಿ ಓರೆ ಮಾಡಿಕೊಂಡು ಆ ತಗ್ಗು ಬೆಂಚಿನಲ್ಲಿ ಕೂತು, ನಲವತ್ತೆರಡು ಬರೆದಳು.